75 ಗಜಕ್ಕೆ ಸ್ಲಗ್ ಚೆದುರುತ್ತಿದೆ, ಮನೆಯಲ್ಲಿ ತುಂಬಿದ 12 ಬೋರ್ ತೋಟಾ: ಸಹಾಯ ಬೇಕು

ಡೇಟನ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನಿರೋದು ಓಹಿಯೋದಲ್ಲಿ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರದಿಂದ ಇಲ್ಲಿ ಬಿಳಿಬಾಲದ ಜಿಂಕೆಯ ಗನ್ ವಾರ ಶುರು. ಅಷ್ಟರೊಳಗೆ ಇದು ಸರಿಹೋಗಬೇಕು.

ಕೋವಿ 12 ಬೋರ್ ಪಂಪ್, ಒಳಗೆ ಪೂರ್ತಿ ರೈಫಲಿಂಗ್ (ಗುಂಡನ್ನ ತಿರುಗಿಸೋ ಸುರುಳಿ ಗೀರು) ಇರೋ ಸ್ಲಗ್ (ಚರೆ ಬದಲು ಹಾಕೋ ಒಂದೇ ದೊಡ್ಡ ಸೀಸದ ಗುಂಡು) ನಳಿಗೆ. ಸ್ಕೋಪ್ ಕೂತಿರೋದು ನಳಿಗೆ ಮೇಲೇ, ಕ್ಯಾಂಟಿಲಿವರ್ ಮೌಂಟಲ್ಲಿ. ಸ್ಲಗ್ ನಾನೇ ಎರಕ ಹೊಯ್ದದ್ದು, ಲೀ ಕಂಪನಿಯ ಒಂದು ಔನ್ಸಿನ ಕೀ ಡ್ರೈವ್ ಅಚ್ಚು. ಟ್ರ್ಯಾಪ್ (ಹಾರೋ ಮಣ್ಣಿನ ಬಿಲ್ಲೆಗೆ ಹೊಡೆಯೋ ಆಟ) ತೋಟಾಗೆ ಹಾಕೋ ಮಾಮೂಲಿ ವ್ಯಾಡ್ (ಮದ್ದಿನ ಮೇಲೆ ಕೂರೋ ಪ್ಲಾಸ್ಟಿಕ್ ಬಟ್ಟಲು) ಒಳಗೇ ಸ್ಲಗ್ ಇಳಿಸಿ, ತೋಟಾದ ಬಾಯಿ ಮಡಚಿ ಮುಚ್ಚೋ ಮಡಿಕೆ ಕ್ರಿಂಪ್ ಹಾಕ್ತೀನಿ.

ಬೇಸಿಗೆಯಲ್ಲಿ 75 ಗಜಕ್ಕೆ ಐದೂ ಗುಂಡು 4 ಇಂಚೊಳಗೆ ಬೀಳ್ತಿತ್ತು. ಈಗ 10, 11 ಇಂಚು. ಮೇಲೆ, ಕೆಳಗೆ, ಎಡಕ್ಕೆ, ಒಂದು ನೆಲೆಯಿಲ್ಲ. ಕಾಗದದಲ್ಲಿ ಕೆಲವು ತೂತು ದುಂಡಗಿಲ್ಲ, ಉದ್ದುದ್ದ ಆಗಿದೆ. ಅಂಗಡಿಯ ಸಬಾಟ್ (ಪ್ಲಾಸ್ಟಿಕ್ ಕವಚದ) ಸ್ಲಗ್ ಹಾಕಿದ್ರೆ ಈಗಲೂ 3 ಇಂಚೊಳಗೇ ಇದೆ. ಪ್ರತಿ ತೋಟಾದ ಮದ್ದನ್ನೂ ತೂಗಿಯೇ ಹಾಕಿದ್ದೀನಿ. ಚಳಿಗೆ ಹೀಗಾಗತ್ತಾ?

ಹೊಲದಂಚು:
ಚಳಿಗೆ ಮದ್ದಿನ ಜೋರು ಕಮ್ಮಿಯಾಗತ್ತೆ ಬ್ರದರ್. ಸ್ವಲ್ಪ ಜಾಸ್ತಿ ಹಾಕಿ ನೋಡಿ, ಗುಂಪು ಬಿಗಿಯಾಗತ್ತೆ.

ಸೀಸದ ಅಚ್ಚು:
ದಯವಿಟ್ಟು ಹಾಗೆ ಮಾಡಬೇಡಿ. ಇದನ್ನ ಓದೋ ಹೊಸಬರಿಗೂ ಸೇರಿಸಿ ಹೇಳ್ತಿದ್ದೀನಿ. 12 ಬೋರಿನ ಎರಡೂಮುಕ್ಕಾಲು ಇಂಚಿನ ತೋಟಾಗೆ ಒಳಗಿನ ಒತ್ತಡದ ಮಿತಿ ಚದರ ಇಂಚಿಗೆ 11,500 ಪೌಂಡ್. ಇವತ್ತಿನ ಎಷ್ಟೋ ರೈಫಲ್ ತೋಟಾಗಳು 60,000ದ ಹತ್ತಿರ ಓಡ್ತವೆ. ರೈಫಲ್ ತೋಟಾ ತುಂಬೋರು ಪ್ರೈಮರ್ (ತೋಟಾ ತಳದಲ್ಲಿ ಮದ್ದಿಗೆ ಕಿಡಿ ಹಚ್ಚೋ ಬಿಲ್ಲೆ) ಚಪ್ಪಟೆ ಆಗಿದೆಯಾ ಅಂತ ನೋಡಿ ಒತ್ತಡ ಅಂದಾಜು ಮಾಡ್ತಾರಲ್ಲ, ಶಾಟ್‌ಗನ್ನಲ್ಲಿ ಆ ಲೆಕ್ಕ ನಡೆಯಲ್ಲ. ಗುರುತು ಕಾಣೋ ಹೊತ್ತಿಗೆ ಮಿತಿ ಯಾವಾಗಲೋ ದಾಟಿರತ್ತೆ. ಹಲ್ (ತೋಟಾದ ಹೊರಕವಚ), ಪ್ರೈಮರ್, ಮದ್ದು, ವ್ಯಾಡ್, ಸ್ಲಗ್ ಐದೂ ತೋಟಾ ತುಂಬೋ ಪುಸ್ತಕದ ಪಟ್ಟಿಯಲ್ಲಿ ಒಂದೇ ಸಾಲಲ್ಲಿ ಇದ್ರೆ ಮಾತ್ರ ತುಂಬಿ. ಅದಕ್ಕೇ ನಾನು ಇಲ್ಲಿ ಮದ್ದಿನ ತೂಕ ಬರೆಯೋದೇ ಇಲ್ಲ.

ಇನ್ನು ಡೇಟನ್ ಅವರಿಗೆ. ನಿಮ್ಮ ಮಾತಲ್ಲೇ ಅರ್ಧ ಉತ್ತರ ಇದೆ. ಅಂಗಡಿ ತೋಟಾ ಸರಿಯಾಗಿ ಬೀಳ್ತಿದೆ ಅಂದ್ರೆ ನಳಿಗೆ, ಸ್ಕೋಪ್, ನಿಮ್ಮ ಭುಜ ಮೂರಕ್ಕೂ ತೊಂದರೆ ಇಲ್ಲ. ಗುಂಡುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ರೆ ವೇಗದ ಏರುಪೇರು, ಅಂದ್ರೆ ಮದ್ದು ಇಲ್ಲಾ ಕ್ರಿಂಪ್. ಎರಡು ಬೇರೆ ಬೇರೆ ಗುಂಪಾಗಿದ್ರೆ ಮೌಂಟು ಇಲ್ಲಾ ನಳಿಗೆ ಸಡಿಲ. ನಿಮ್ಮದು ಅದೆರಡೂ ಅಲ್ಲ. ತೂತು ಉದ್ದುದ್ದ ಇದೆ ಅಂದ್ರೆ ಸ್ಲಗ್ ಮೂತಿ ಮುಂದು ಮಾಡಿಕೊಂಡು ಹೋಗ್ತಿಲ್ಲ, ವಾಲಾಡ್ತಿದೆ. ಅದು ಹಾಳಾಗೋದು ನಳಿಗೆ ಒಳಗೇ.

ಹೊಡೆದ ಜಾಗದಿಂದ ಮುಂದಕ್ಕೆ ನಡೀರಿ, ವ್ಯಾಡ್‌ಗಳೆಲ್ಲ ಅಲ್ಲೇ ಬಿದ್ದಿರತ್ತೆ. ಎಲ್ಲವನ್ನೂ ಆರಿಸಿ ತನ್ನಿ. ಅದರ ಎಸಳು (ಬಟ್ಟಲಿನ ಸೀಳಿದ ಗೋಡೆ), ತಳ, ನಡುವಿನ ಕಾಲು ಮೂರರ ಫೋಟೊ ಬೇಕು. ವ್ಯಾಡ್ ಓದದೆ ತೋಟಾ ತಿದ್ದೋಕಾಗಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ: ಬೇಸಿಗೆಯ ವ್ಯಾಡ್, ಈಗಿನ ವ್ಯಾಡ್ ಎರಡೂ ಒಂದೇ ಚೀಲದ್ದಾ?

ಮಲೆನಾಡು ಮಂಜು:
ಊರಿಂದ ಓದ್ತಿರೋರಿಗೆ ಒಂದು ಮಾತು. ಇದು ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು, ಸೀಸನ್‌ನಲ್ಲಿ ಮಾಡೋ ಬೇಟೆಯ ಚರ್ಚೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆ ಹೊಡೆಯೋದು ಅಪರಾಧ. ಬೆಳೆ ಕಾಯೋಕೆ ಕೊಟ್ಟ ಕೋವಿ ಲೈಸೆನ್ಸ್ ಬೇಟೆಗೆ ಪರವಾನಗಿ ಅಲ್ಲ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದೂ 1959ರ ಆಯುಧ ಕಾಯ್ದೆಗೆ ಬರತ್ತೆ. ಚರ್ಚೆ ಮುಂದುವರಿಸಿ.

ಡೇಟನ್ ಕನ್ನಡಿಗ:
ಫೋಟೊ ಹಾಕಿದ್ದೀನಿ ಸರ್. ಚೀಲ ಬೇರೆ. ಹಳೇದು ಮುಗಿದಿತ್ತು. ಅಂಗಡಿಯಲ್ಲಿ ಇದೂ ಅದೇ ಥರದ್ದು, ಅದರ ಬದಲಿಗೆ ಹಾಕಬಹುದು ಅಂತ ಕೊಟ್ರು. ಬಣ್ಣ, ಎತ್ತರ ಎಲ್ಲ ಒಂದೇ ಥರ ಇದೆ.

ಸೀಸದ ಅಚ್ಚು:
ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡನೇ ಫೋಟೊದಲ್ಲಿ ಎಡಗಡೆ ಇರೋ ಹಳೇ ವ್ಯಾಡ್ ನೋಡಿ, ಎಸಳಿನ ಹೊರಮೈ ಮೇಲೆ ಓರೆಯಾಗಿ ಗೀರು ಒತ್ತಿದೆ, ಉಗುರಿಗೆ ಸಿಗೋಷ್ಟು ಆಳ. ರೈಫಲಿಂಗ್ ಕಚ್ಚಿ ತಿರುಗಿಸಿದ ಗುರುತು ಅದು. ಬಲಗಡೆ ಹೊಸದರಲ್ಲಿ ಎಸಳು ನುಣ್ಣಗಿದೆ, ಗೀರಿನ ಜಾಗದಲ್ಲಿ ಬರೀ ಸವರಿದ ಹೊಳಪು. ಇನ್ನೊಂದರಲ್ಲಿ ಕಾಲು ಒಂದು ಕಡೆಗೇ ಕುಸಿದಿದೆ, ತಳದ ಅಂಚಲ್ಲಿ ಒಂದೇ ಮಗ್ಗುಲಿಗೆ ಮಸಿ. ಗ್ಯಾಸ್ ಆ ಕಡೆಯಿಂದ ನುಗ್ಗಿದೆ.

ಮೈಕ್ರೋಮೀಟರ್ ಇದ್ರೆ ಮೂರು ಅಳತೆ ಕಳಿಸಿ: ಸ್ಲಗ್ಗಿನ ಅಗಲ, ಎರಡೂ ವ್ಯಾಡ್‌ಗಳ ಎಸಳಿನ ದಪ್ಪ, ನಳಿಗೆಯ ಒಳ ಅಳತೆ. ನಳಿಗೆ ಅಳೆಯೋಕೆ ಒಂದು ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಸವರಿ, ಕೋವಿಯಿಂದ ಕಳಚಿದ ನಳಿಗೆಯಲ್ಲಿ ಮರದ ಕೋಲಿಂದ ನೂಕಿ ತೆಗೆದು, ಆ ಉಂಡೆಯನ್ನ ಅಳೀರಿ. ತೋಟಾ ಯಾವುದೂ ಆ ಕೋಣೆಯಲ್ಲೇ ಇರಬಾರದು.

ಅಯೋವಾ ಜೋಳದ ಹೊಲ:
ನಡುವೆ ಬಾಯಿ ಹಾಕ್ತೀನಿ. ಎರಕದ ಕಡೆಗೂ ಒಂದು ಕಣ್ಣಿರಲಿ. ಈ ಅಚ್ಚಲ್ಲಿ ಸ್ಲಗ್ಗಿನ ಹಿಂಭಾಗ ಟೊಳ್ಳು, ಗೋಡೆ ತೆಳು. ಅಚ್ಚು ಸರಿಯಾಗಿ ಕಾಯದಿದ್ರೆ ಅಲ್ಲೇ ಸೀಸ ಪೂರ್ತಿ ತುಂಬಲ್ಲ. ಮೇಲ್ಮೈ ಸುಕ್ಕಾಗಿದ್ರೆ ಅಚ್ಚು ತಣ್ಣಗಿತ್ತು ಅಂತ ಅರ್ಥ, ಅವನ್ನೆಲ್ಲ ವಾಪಸ್ ಕರಗಿಸೋಕೆ ಹಾಕಿ. ಗೋಡೆಯ ಒಂದು ಪಕ್ಕದಲ್ಲಿ ಗುಳ್ಳೆ ಇದ್ರೆ ತೂಕ ಹೆಚ್ಚುಕಮ್ಮಿ ಸರಿ ಬಂದ್ರೂ ಭಾರ ನಡುಮಧ್ಯಕ್ಕೆ ಕೂತಿರಲ್ಲ, ತಿರುಗಿದಷ್ಟೂ ಅಲುಗಾಡತ್ತೆ. ಸೀಸ ಕರಗಿಸೋವಾಗ ಗಾಳಿ ಆಡ್ತಿರಲಿ, ಪಕ್ಕದಲ್ಲಿ ನೀರಿನ ಪಾತ್ರೆ ಬೇಡ, ಮುಗಿಸಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಡೇಟನ್ ಕನ್ನಡಿಗ:
ಸ್ಲಗ್ ತೂಕ 430ರಿಂದ 438 ಗ್ರೇನ್ (ತೋಟಾ ತೂಕದ ಸಣ್ಣ ಅಳತೆ) ಒಳಗಿದೆ. ಸುಕ್ಕಿದ್ದವನ್ನ ಮೊದಲೇ ಆರಿಸಿ ತೆಗೆದಿದ್ದೆ.
ಅಳತೆ ಇಂಚಲ್ಲಿ: ಸ್ಲಗ್ 0.690. ಹಳೇ ವ್ಯಾಡ್ ಎಸಳು 0.020, ಹೊಸದು 0.015. ನಳಿಗೆಯಲ್ಲಿ ರೈಫಲಿಂಗ್ ಏಣಿನಿಂದ ಏಣಿಗೆ 0.719, ಗೀರಿನ ತಳದಿಂದ ತಳಕ್ಕೆ 0.728.

ಸೀಸದ ಅಚ್ಚು:
ಸಿಕ್ತು ನೋಡಿ. ಎಸಳು ಎರಡೂ ಮಗ್ಗುಲಲ್ಲಿ ಇರತ್ತೆ, ಹಾಗಾಗಿ ಎರಡು ಸಲ ಕೂಡಿಸಬೇಕು. ಹಳೇ ವ್ಯಾಡಲ್ಲಿ 0.690ಕ್ಕೆ 0.040 ಸೇರಿ 0.730, ನಿಮ್ಮ ಗೀರಿನ ತಳಕ್ಕಿಂತ ಒಂದು ಕೂದಲು ಜಾಸ್ತಿ. ಗಟ್ಟಿಯಾಗಿ ಕೂರತ್ತೆ, ರೈಫಲಿಂಗ್ ಕಚ್ಚತ್ತೆ, ಸ್ಲಗ್ ನೇರ ಹೋಗತ್ತೆ. ಹೊಸದರಲ್ಲಿ 0.720. ಏಣಿಗೆ ಬರೀ ಸವರಿಕೊಂಡು ಹೋಗತ್ತೆ ಅಷ್ಟೆ. ತಿರುಗಿಸೋಕೆ ಹಿಡಿತವೇ ಇಲ್ಲ, ಸುತ್ತಲೂ ಖಾಲಿ ಜಾಗ, ಒಂದು ಪಕ್ಕಕ್ಕೆ ಒರಗಿಕೊಂಡೇ ನಳಿಗೆ ಬಿಡತ್ತೆ. ಚರೆ ತುಂಬೋರಿಗೆ ಈ 0.005ರಿಂದ ಏನೂ ಆಗಲ್ಲ, ಚರೆ ತಾನೇ ಹರಡಿ ವ್ಯಾಡನ್ನ ಹೊರಕ್ಕೆ ಒತ್ತತ್ತೆ. ಅದಕ್ಕೇ ಅಂಗಡಿಯವರು ಎರಡೂ ಒಂದೇ ಅಂದಿರಬೇಕು. ಒಂದೇ ತುಂಡು ಸೀಸಕ್ಕೆ ಆ ಅನುಕೂಲ ಇಲ್ಲ.

ಚಳಿಯ ಪಾತ್ರವೂ ಇದೆ. ತಣ್ಣಗಾದ ಪ್ಲಾಸ್ಟಿಕ್ ಬಿರುಸಾಗತ್ತೆ, ತೆಳು ಎಸಳು ಬೇಗ ಹರಿಯತ್ತೆ. ಆದ್ರೆ ಮೂಲ ಅದಲ್ಲ.

ಈಗ ಮಾಡಬೇಕಾದ್ದು. ಹೊಸ ವ್ಯಾಡಲ್ಲಿ ತುಂಬಿದ ತೋಟಾ ಯಾವುದನ್ನೂ ಜಿಂಕೆಗೆ ಹಚ್ಚಬೇಡಿ. ವ್ಯಾಡ್ ಬದಲಾದ್ರೆ ಒತ್ತಡವೂ ಬದಲಾಗತ್ತೆ, ಅದು ಪುಸ್ತಕದ ಸಾಲಲ್ಲಿಲ್ಲದ ತೋಟಾ, ಆದ್ದರಿಂದ ಬಿಚ್ಚಿಬಿಡಿ. ಪಟ್ಟಿಯಲ್ಲಿ ಯಾವ ವ್ಯಾಡಿನ ಹೆಸರಿದೆಯೋ ಅದನ್ನೇ ತನ್ನಿ. ಸ್ಲಗ್ಗಿಗೆ ಟೇಪ್ ಸುತ್ತಿ ದಪ್ಪ ಮಾಡೋದು, ಟೊಳ್ಳಿಗೆ ಅಂಟು ತುಂಬೋದು, ಅಡಿಗೆ ರಟ್ಟಿನ ಬಿಲ್ಲೆ ಇಡೋದು, ಇವೆಲ್ಲ ಅಲ್ಲಲ್ಲಿ ಕೇಳಿಬರತ್ತೆ. ಪಟ್ಟಿಯಲ್ಲಿ ಇಲ್ಲದಿದ್ರೆ ಮಾಡಬೇಡಿ. ತುಂಬೋ ಮುಂಚೆ ಸ್ಲಗ್ಗನ್ನ ವ್ಯಾಡೊಳಗಿಟ್ಟು, ಕಳಚಿದ ನಳಿಗೆಯ ಬಾಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ. ಜಾರಿ ಒಳಗೆ ಹೋದ್ರೆ ಸಡಿಲ. ಸ್ವಲ್ಪ ಬಲ ಬೇಕು ಅನ್ನಿಸಿದ್ರೆ ಸರಿ. ಸುತ್ತಿಗೆ ಬೇಕು ಅನ್ನಿಸಿದ್ರೆ ಬಿಡಿ, ಅದು ಅಪಾಯ.

ಕ್ರಿಂಪ್ ಎಲ್ಲದರಲ್ಲೂ ಒಂದೇ ಆಳ ಇರಲಿ. ತುಂಬಾ ಸಲ ಬಳಸಿದ ಹಲ್‌ನ ಬಾಯಿ ಮೆತ್ತಗಾಗಿರತ್ತೆ, ಬೇಟೆ ತೋಟಾಗೆ ಒಂದೇ ಸಲ ಹೊಡೆದ, ಒಂದೇ ಕಂಪನಿಯ ಹಲ್ ತೆಗೆದಿಡಿ.

ಹೊಲದಂಚು:
ಒತ್ತಡದ ವಿಷಯ ಗೊತ್ತಿರಲಿಲ್ಲ ಸರ್, ತಿಳಿಸಿದ್ದು ಒಳ್ಳೇದಾಯ್ತು. ಆದ್ರೆ ಇಷ್ಟೆಲ್ಲ ಯಾಕೆ? ಓಹಿಯೋದಲ್ಲಿ 2014ರಿಂದ ನೇರ ಗೋಡೆಯ (ಬಾಯಿ ಹತ್ತಿರ ಕತ್ತಿನ ಹಾಗೆ ಕಿರಿದಾಗದ) ತೋಟಾ ಹಾಕೋ ರೈಫಲ್‌ಗೂ ಅವಕಾಶ ಇದೆಯಲ್ಲ.

ಡೇಟನ್ ಕನ್ನಡಿಗ:
ಇದೆ. ನಾನು ಕೂರೋದು ಕಾಡು ಹೊಲ ಸೇರೋ ಮೂಲೆಯಲ್ಲಿ, ಅಲ್ಲಿ 80 ಗಜದಾಚೆ ಕಾಣೋದೇ ಇಲ್ಲ. ಈ ಕೋವಿ ಸಾಕು. ನಾನೇ ಎರಕ ಹೊಯ್ದ ಸ್ಲಗ್ಗಲ್ಲಿ ಒಂದೇ ಏಟಿಗೆ, ನರಳಿಸದೆ ಕೆಡವಬೇಕು ಅನ್ನೋ ಆಸೆ.

ಡೇಟನ್ ಕನ್ನಡಿಗ:
ವಾರಾಂತ್ಯ ರೇಂಜಿಗೆ ಹೋಗಿ ಬಂದೆ. ಪಟ್ಟಿಯಲ್ಲಿದ್ದ ವ್ಯಾಡ್ ಪಕ್ಕದ ಊರಲ್ಲಿ ಸಿಕ್ತು, ಎಸಳು 0.020. ಬೆಳಗ್ಗೆ ಹಿಮ ಬಿದ್ದಿತ್ತು, ತೋಟಾ ಹೊರಗೇ ಇಟ್ಟು ತಣ್ಣಗಾಗಿಸಿ ಹೊಡೆದೆ. 75 ಗಜಕ್ಕೆ ಮೂರೂವರೆ ಇಂಚು, ತೂತೆಲ್ಲ ದುಂಡಗೆ. ಆರಿಸಿ ತಂದ ವ್ಯಾಡ್‌ಗಳಲ್ಲಿ ಓರೆ ಗೀರು ಸ್ಪಷ್ಟವಾಗಿದೆ. ಸೀಸದ ಅಚ್ಚು ಸರ್, ನಿಮ್ಮ ಉಪಕಾರ ಮರೆಯಲ್ಲ. ಒಂದೇ ಅನುಮಾನ. ಒಂದು ತೋಟಾದ ಸದ್ದು ಮಿಕ್ಕವಕ್ಕಿಂತ ಸಣ್ಣದಾಗಿ ಕೇಳಿಸ್ತು. ಆದ್ರೂ ಗುಂಡು ಗುಂಪೊಳಗೇ ಬಿತ್ತು.

ಸೀಸದ ಅಚ್ಚು:
ಸದ್ದು ಸಣ್ಣದು ಅನ್ನಿಸಿದ ತಕ್ಷಣ ಕೈ ನಿಲ್ಲಿಸಬೇಕು. ಕೋವಿ ಖಾಲಿ ಮಾಡಿ, ನಳಿಗೆ ಕಳಚಿ, ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿ. ವ್ಯಾಡಿನ ತಳ ಒಳಗೇ ಉಳಿದಿದ್ದು ನೀವು ಇನ್ನೊಂದು ಹೊಡೆದ್ರೆ ನಳಿಗೆ ಸೀಳತ್ತೆ. ಗುಂಡು ಗುರಿಗೆ ಬಿದ್ದಿದ್ರೂ ನೋಡಲೇಬೇಕು, ಬೇಟೆಯಲ್ಲೂ ಇದೇ, ಜಿಂಕೆ ಎದುರಿಗೇ ನಿಂತಿದ್ರೂ ಸರಿ. ಆ ತೋಟಾದ ಹಲ್ ಸಿಕ್ಕಿದ್ರೆ ಬಾಯಿ ನೋಡಿ, ಕ್ರಿಂಪ್ ಮಡಿಕೆ ಬಿರುಕು ಬಿಟ್ಟಿರಬಹುದು. ಅದೇ ಚೀಲದ ಬೇರೆ ಹಲ್‌ಗಳ ಬಾಯೂ ಒಂದೊಂದಾಗಿ ಬೆರಳಾಡಿಸಿ ನೋಡಿ. ಸಂಶಯ ಬಂದವನ್ನ ಬಾಯಿ ಕತ್ತರಿಸಿ ಎಸೀರಿ, ಮತ್ತೆ ಡಬ್ಬಿಗೆ ಸೇರದ ಹಾಗೆ.