ಎಂಟಿಐ ಹೋಗಲು 44 ಚಿಹ್ನೆ ಕಲಿಸಲೇಬೇಕಾ?

ಸಂಜೆಕ್ಲಾಸ್_ಮೇಡಂ:
ವಿಜಯನಗರದಲ್ಲಿ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಬರುವವರು ಹೆಚ್ಚಾಗಿ ತುಮಕೂರು, ಮಂಡ್ಯ ಕಡೆಯಿಂದ ಬಂದು ಪಿಜಿಯಲ್ಲಿರುವವರು. ಕನ್ನಡ ಮೀಡಿಯಂ, ಡಿಗ್ರಿ ಆಗಿದೆ. ಕಾಲ್ ಸೆಂಟರ್ ಇಂಟರ್‌ವ್ಯೂನಲ್ಲಿ 'ಎಂಟಿಐ ಜಾಸ್ತಿ' ಅಂತ ವಾಪಸ್ ಕಳಿಸುತ್ತಾರೆ. ಅಂದರೆ ಮಾತಿನಲ್ಲಿ ಮಾತೃಭಾಷೆಯ ಛಾಯೆ. ನಾನು ಇಂಗ್ಲಿಷಿನ 44 ಧ್ವನಿಗಳಿಗೆ ಒಂದೊಂದು ಚಿಹ್ನೆ ಇರುವ ಚಾರ್ಟ್ ಹಿಡಿದು ಶುರು ಮಾಡುತ್ತೇನೆ, ಎರಡನೇ ವಾರಕ್ಕೇ ಎಲ್ಲರ ಮುಖ ಬಾಡಿರುತ್ತದೆ. ಚಿಹ್ನೆ ಬಿಟ್ಟು ಕಲಿಸಬಹುದಾ?

ಹೈಸ್ಕೂಲ್_ಮೇಷ್ಟ್ರು:
ಪೂರ್ತಿ ಬಿಡಬೇಡಿ. ಡಿಕ್ಷನರಿ ನೋಡಲು ಬೇಕಾಗುತ್ತದೆ. ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಟೀಚರ್‌ಗಳಿಗೆ ತರಬೇತಿ ಇರುತ್ತದೆ, ವಿಚಾರಿಸಿ.

ಮಲ್ಲೇಶ್ವರಂ_ರಿಟೈರ್ಡ್:
ಮೇಡಂ, ಚಾರ್ಟ್ ಗೋಡೆಯ ಮೇಲಿರಲಿ, ಪಾಠ ಅಲ್ಲಿಂದ ಬೇಡ. ಎಂಟಿಐ ಪೂರ್ತಿ ತೆಗೆಯುವ ಉಸಾಬರಿಯೂ ಬೇಡ. ಕೇಳುವವರು 'ಆಂ?' ಅನ್ನುವುದು ಯಾವುದಕ್ಕೋ ಅಷ್ಟನ್ನು ಹಿಡಿಯಿರಿ.

ಮೊದಲು ಉಸಿರು. ಇಂಗ್ಲಿಷಿನವರು ಪದದ ಮೊದಲಿನ ಪ, ಟ, ಕಗಳನ್ನು ಸುಮಾರಾಗಿ ನಮ್ಮ ಮಹಾಪ್ರಾಣದ ಹಾಗೆ ಹೇಳುತ್ತಾರೆ. ನಾವು ಉಸಿರಿಲ್ಲದೆ 'ಪಿನ್' ಅಂದರೆ ಅವರ ಕಿವಿಗೆ 'ಬಿನ್' ಆಗಿಬಿಡಬಹುದು. ಒಂದು ಬಿಎಂಟಿಸಿ ಟಿಕೆಟ್ಟನ್ನು ತುಟಿಯ ಮುಂದೆ ಹಿಡಿಸಿ. 'ಪಿನ್' ಅಂದಾಗ ಅದು ಅಲುಗಾಡಬೇಕು, 'ಸ್ಪಿನ್' ಅಂದಾಗ ಸುಮ್ನೆ ಇರಬೇಕು. ಬೋರ್ಡ್ ಮೇಲೆ ಮಾತ್ರ ಫ ಬರೆಯಬೇಡಿ. ನಮ್ಮ ಹುಡುಗರು ಅದನ್ನು ಫ್ಯಾನಿನ ಫ ಮಾಡಿ, 'ಫಿನ್' ಅಂತ ಮೀನಿನ ರೆಕ್ಕೆ ಹೇಳಿಬಿಡುತ್ತಾರೆ!

ಆಮೇಲೆ ವ. ಬನಿಯನ್ನೂ ವೆಸ್ಟ್, ಪಶ್ಚಿಮವೂ ವೆಸ್ಟ್. ಮೊಬೈಲಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿಸಿ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ದಿಕ್ಕಿಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. 'ವೊಂದು', 'ಯೆಂಟು' ಅನ್ನುವ ಬಾಯಿಗೆ 'ವೋನ್ಲಿ', 'ಯೆಗ್ಗು' ತಾನಾಗಿ ಬರುತ್ತವೆ, ಅವನ್ನೂ ಇಲ್ಲೇ ತಿದ್ದಿ.

ಎಲ್ಲಕ್ಕಿಂತ ಜಾಸ್ತಿ ಸಮಯ ಒತ್ತಿಗೆ ಕೊಡಿ. ಕನ್ನಡದಲ್ಲಿ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒಂದನ್ನು ಎತ್ತಿ ಹೇಳಿ ಉಳಿದವನ್ನು ಅರ್ಧ ನುಂಗುತ್ತಾರೆ. 'ಡೆವಲಪ್' ಅಂತ ನಾವು ಮೊದಲಿಗೇ ಒತ್ತುತ್ತೇವೆ, ಒತ್ತು ಇರುವುದು ನಡುವಿನ 'ವೆ' ಮೇಲೆ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲಿಗೆ, 'ಫೋಟೋಗ್ರಾಫರ್'ನಲ್ಲಿ ಎರಡನೆಯದಕ್ಕೆ, ಅದನ್ನು 'ಫಟಾಗ್ರಫರ್' ಅಂದಂತೆ ಹೇಳುತ್ತಾರೆ. ಒತ್ತು ಬಂದಲ್ಲಿ ಮಾತ್ರ ಚಪ್ಪಾಳೆ ತಟ್ಟಿಸಿ.

ನೈಟ್‌ಶಿಫ್ಟ್_ಟ್ರೇನರ್:
ರಿಟೈರ್ಡ್ ಸರ್ ಹೇಳಿದ್ದು ಸರಿ. ಇದರ ಜೊತೆಗೆ ಸ್ಪೀಡ್ ಕಡಿಮೆ ಮಾಡಿಸಿ. ಭಯಕ್ಕೆ ರೈಲು ಬಿಡುತ್ತಾರೆ. ಅಂದ ಹಾಗೆ, 'ಎಂಟಿಐ ಜಾಸ್ತಿ' ಅನ್ನುವ ಪ್ಯಾನೆಲ್‌ನವರಿಗೂ ಅದು ಇರುತ್ತದೆ, ಅಲ್ವಾ?

ಸಂಜೆಕ್ಲಾಸ್_ಮೇಡಂ:
ಥ್ಯಾಂಕ್ಸ್ ಸರ್. 'ಥಿಂಕ್', 'ದಿಸ್' ಹೇಳುವಾಗ ನಾಲಿಗೆ ಹಲ್ಲಿನ ನಡುವೆ ಬರಲೇಬೇಕಾ? ನಾಚಿಕೊಂಡು ನಗುತ್ತಾರೆ.

ಮಲ್ಲೇಶ್ವರಂ_ರಿಟೈರ್ಡ್:
ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಥ, ದ ಹೇಳಿದರೂ ಅರ್ಥವಾಗುತ್ತದೆ. ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಕೊಟ್ಟ 'ಇದಿಷ್ಟು ಬೇಕೇ ಬೇಕು' ಪಟ್ಟಿಯಲ್ಲಿ ಆ ಧ್ವನಿಗಳಿಲ್ಲ, ಪ-ಟ-ಕದ ಉಸಿರು ಇದೆ. ಅವರು ಪದದ ಒತ್ತನ್ನೂ ಕೈಬಿಟ್ಟಿದ್ದಾರೆ, ಅದನ್ನು ಮಾತ್ರ ನೀವು ಪಾಲಿಸಬೇಡಿ. ಆ ಪಟ್ಟಿ ಇಂಗ್ಲಿಷ್ ಮನೆಮಾತಲ್ಲದವರು ತಮ್ಮತಮ್ಮಲ್ಲಿ ಆಡುವ ಮಾತಿಗೆ. ನಿಮ್ಮ ಹುಡುಗರ ಫೋನಿನ ಆ ತುದಿಯಲ್ಲಿರುವುದು ಅಮೆರಿಕದವರು.