ಕೌಂಟರ್ ಅಟಾಮಿಕ್ ಆಗಿದೆ, ಆದರೂ ಫ್ರೀ ಆದ ಆಬ್ಜೆಕ್ಟ್ ಮತ್ತೆ ಕೈಗೆ ಸಿಗುತ್ತಿದೆ

ರಾತ್ರಿ_ಕಂಪೈಲ್:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಬಗ್ ಹಿಂದೆ ಬಿದ್ದಿದ್ದೇನೆ. ತಲೆ ಓಡುತ್ತಿಲ್ಲ.

ಸಿ ಭಾಷೆಯಲ್ಲಿ ಬರೆದ ಸಣ್ಣ ಸರ್ವರ್. ಎಂಟು ಥ್ರೆಡ್ (ಒಟ್ಟಿಗೇ ನಡೆಯುವ ಕೆಲಸದ ಎಳೆಗಳು) ಓಡುತ್ತವೆ. ಪ್ರತಿ ಕ್ಲೈಂಟ್‌ಗೂ ಒಂದು ಸೆಷನ್ ಆಬ್ಜೆಕ್ಟ್. ಅದರೊಳಗೆ ಒಂದು ಅಟಾಮಿಕ್ (ನಡುವೆ ಬೇರೆ ಥ್ರೆಡ್ ತೂರಲಾಗದ) ರೆಫರೆನ್ಸ್ ಕೌಂಟರ್, ಅಂದರೆ ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಲೆಕ್ಕ, ಹುಟ್ಟುವಾಗ ಬೆಲೆ 1. ಎಲ್ಲ ಸೆಷನ್‌ಗಳ ಪಾಯಿಂಟರ್ (ಮೆಮೊರಿ ವಿಳಾಸ) ಒಂದು ಹ್ಯಾಶ್ ಟೇಬಲ್‌ನಲ್ಲಿ ಇವೆ. ಐಡಿ ಕೊಟ್ಟರೆ ಸಿಗುತ್ತವೆ.

ಕೋಡ್ ಉದ್ದ ಇದೆ, ಬಾಯಿಮಾತಲ್ಲೇ ಹೇಳುತ್ತೇನೆ. ಹುಡುಕುವ ಫಂಕ್ಷನ್ ಹೀಗಿದೆ: ಟೇಬಲ್ ಲಾಕ್ ಹಿಡಿ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದು), ಸೆಷನ್ ಹುಡುಕು, ಲಾಕ್ ಬಿಡು, ಕೌಂಟ್ ಏರಿಸು, ಪಾಯಿಂಟರ್ ಕೊಡು. ಬಿಡುವ ಫಂಕ್ಷನ್ ಹೀಗೆ: ಕೌಂಟ್ ಇಳಿಸು, ಸೊನ್ನೆಯಾದರೆ ಲಾಕ್ ಹಿಡಿದು ಟೇಬಲ್‌ನಿಂದ ಆ ಐಡಿ ತೆಗೆ, ಲಾಕ್ ಬಿಡು, ಫ್ರೀ ಮಾಡು, ಅಂದರೆ ಮೆಮೊರಿ ವಾಪಸ್ ಕೊಡು.

ಲೋಡ್ ಜಾಸ್ತಿ ಆದಾಗ ಗಂಟೆಗೆ ಒಂದೆರಡು ಸಲ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಸಾಯುವುದು). ಕೆಲವು ಸಲ ಡಬಲ್ ಫ್ರೀ (ಒಂದೇ ಮೆಮೊರಿ ಎರಡು ಸಲ ಫ್ರೀ) ಅಂತ ಹೇಳಿ ಸಾಯುತ್ತದೆ. ಪ್ರಿಂಟ್ ಹಾಕಿದರೆ ಬಗ್ ನಾಪತ್ತೆ. ಕೌಂಟರ್ ಅಟಾಮಿಕ್ ಇದೆ, ಟೇಬಲ್‌ಗೆ ಲಾಕ್ ಇದೆ. ಇನ್ನೇನು ಬೇಕು?

ಮ್ಯೂಟೆಕ್ಸ್_ಮಿತ್ರ:

ಊಹೆ ಮಾಡುವ ಮೊದಲು ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿ ಬಿಲ್ಡ್ ಮಾಡಿ ಓಡಿಸಿ. ಅದೇ ಕೆಲಸದ ಇನ್ನೊಂದು ಟೂಲ್ ವಾಲ್‌ಗ್ರೈಂಡ್ ಬೇಡ. ಅದು ಪ್ರೋಗ್ರಾಮ್ ಅನ್ನು ವಿಪರೀತ ನಿಧಾನ ಮಾಡುತ್ತದೆ, ಥ್ರೆಡ್‌ಗಳನ್ನೂ ಒಂದಾದ ಮೇಲೆ ಒಂದರಂತೆ ಓಡಿಸುತ್ತದೆ. ಇಂಥ ಬಗ್ ಅಲ್ಲಿ ಬರುವುದೇ ಕಷ್ಟ. ಸ್ಯಾನಿಟೈಜರ್ ಆದರೆ ಫ್ರೀ ಆದ ಮೆಮೊರಿಯನ್ನು ಸ್ವಲ್ಪ ಹೊತ್ತು ಯಾರಿಗೂ ಕೊಡದೆ ಪಕ್ಕಕ್ಕಿಡುತ್ತದೆ. ಅಷ್ಟರಲ್ಲಿ ಯಾರಾದರೂ ಮುಟ್ಟಿದರೆ ಸಿಕ್ಕಿಬೀಳುತ್ತಾರೆ.

ರಾತ್ರಿ_ಕಂಪೈಲ್:

ಹತ್ತೇ ನಿಮಿಷದಲ್ಲಿ ಸಿಕ್ಕಿತು. ಫ್ರೀ ಆದ ಮೇಲೆ ಬಳಕೆ ಅಂತ ವರದಿ. ಮುಟ್ಟಿದ್ದು 5ನೇ ಥ್ರೆಡ್, ಹುಡುಕುವ ಫಂಕ್ಷನ್‌ನಲ್ಲಿ ಕೌಂಟ್ ಏರಿಸುವ ಸಾಲು. ಫ್ರೀ ಮಾಡಿದ್ದು 2ನೇ ಥ್ರೆಡ್, ಬಿಡುವ ಫಂಕ್ಷನ್.

ಮ್ಯೂಟೆಕ್ಸ್_ಮಿತ್ರ:

ಹಾಗಾದರೆ ಸಿಕ್ಕಿಬಿಟ್ಟಿತು ಬಿಡಿ. ಲಾಕ್ ಬಿಟ್ಟ ಮೇಲೆ ಕೌಂಟ್ ಏರಿಸುತ್ತಿದ್ದೀರಿ. ಆ ಸಂದಿಯಲ್ಲಿ ಇನ್ನೊಬ್ಬರು ಫ್ರೀ ಮಾಡುತ್ತಾರೆ. ಏರಿಸುವ ಸಾಲನ್ನು ಲಾಕ್ ಒಳಗೆ ತನ್ನಿ, ಸರಿಹೋಗುತ್ತದೆ.

ರಾತ್ರಿ_ಕಂಪೈಲ್:

ತಂದೆ. ಗಂಟೆಗೆ ಎರಡು ಸಲ ಇದ್ದದ್ದು ದಿನಕ್ಕೆ ಒಂದು ಸಲ ಆಯಿತು. ಖುಷಿ ಪಡಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಈಗ ಬರುವುದು ಹೆಚ್ಚಾಗಿ ಡಬಲ್ ಫ್ರೀ.

ಹಳೇ_ಪಾಯಿಂಟರ್:

ಅಳುವುದು ಬೇಡ ಸರ್. ಒಂದು ಬಾಗಿಲು ಮುಚ್ಚಿದ್ದೀರಿ, ಇನ್ನೊಂದು ತೆರೆದೇ ಇದೆ.

ನಿಮ್ಮ ಈಗಿನ ಕೋಡನ್ನೇ ನಿಧಾನವಾಗಿ ಓಡಿಸಿ ನೋಡೋಣ. 2ನೇ ಥ್ರೆಡ್ ಕೊನೆಯ ರೆಫರೆನ್ಸ್ ಬಿಡುತ್ತದೆ, ಕೌಂಟ್ 1ರಿಂದ 0 ಆಗುತ್ತದೆ. ಅದು ಇನ್ನೂ ಲಾಕ್ ಹಿಡಿದಿಲ್ಲ. ಅಷ್ಟರಲ್ಲಿ 5ನೇ ಥ್ರೆಡ್ ಲಾಕ್ ಹಿಡಿಯುತ್ತದೆ. ಸೆಷನ್ ಟೇಬಲ್‌ನಲ್ಲೇ ಇದೆ. ಕೌಂಟ್ 0ಯಿಂದ 1ಕ್ಕೆ ಏರಿಸಿ, ಲಾಕ್ ಬಿಟ್ಟು, ಖುಷಿಯಿಂದ ಹೊರಟುಹೋಗುತ್ತದೆ. ಈಗ 2ನೇ ಥ್ರೆಡ್‌ಗೆ ಲಾಕ್ ಸಿಗುತ್ತದೆ. ಅದು ಆಗಲೇ ಸೊನ್ನೆ ನೋಡಿಯಾಗಿದೆ, ಮತ್ತೆ ನೋಡುವುದಿಲ್ಲ. ಟೇಬಲ್‌ನಿಂದ ತೆಗೆದು ಫ್ರೀ ಮಾಡುತ್ತದೆ. 5ನೇ ಥ್ರೆಡ್ ತನ್ನ ಕೆಲಸ ಮುಗಿಸಿ ಬಿಟ್ಟಾಗ ಕೌಂಟ್ ಇನ್ನೊಂದು ಸಲ ಸೊನ್ನೆ, ಇನ್ನೊಂದು ಸಲ ಫ್ರೀ. ನಿಮ್ಮ ಡಬಲ್ ಫ್ರೀ ಇದೇ.

ಕೌಂಟರ್ ಅಟಾಮಿಕ್ ಅಂದರೆ ಏರಿಸುವುದು ಇಳಿಸುವುದು ಸರಿಯಾಗಿ ಆಗುತ್ತದೆ, ಅಷ್ಟೇ. ಆ ಕೌಂಟರ್ ಇರುವ ಮೆಮೊರಿ ಇನ್ನೂ ಬದುಕಿದೆಯಾ ಅನ್ನುವುದನ್ನು ಅದು ಹೇಳಲಾರದು. ನಿಮ್ಮ ಕೈಯಲ್ಲಿ ಆಗಲೇ ಒಂದು ರೆಫರೆನ್ಸ್ ಇದ್ದರೆ ಇನ್ನೊಂದನ್ನು ಸುಮ್ನೆ ಏರಿಸಬಹುದು, ಲಾಕ್ ಬೇಡ. ಟೇಬಲ್‌ನಲ್ಲಿ ಇರುವುದು ರೆಫರೆನ್ಸ್ ಅಲ್ಲ, ಬರೀ ವಿಳಾಸ. ವಿಳಾಸ ಇದ್ದ ಮಾತ್ರಕ್ಕೆ ಮನೆಯಲ್ಲಿ ಜನ ಇದ್ದಾರೆ ಅಂತ ಅಲ್ಲವಲ್ಲ. ಲಿನಕ್ಸ್ ಕರ್ನಲ್‌ನ ಕೆರೆಫ್ (ಅಲ್ಲಿನ ರೆಫರೆನ್ಸ್ ಕೌಂಟರ್) ದಾಖಲೆಯಲ್ಲಿ ಮೂರು ನಿಯಮ ಬರೆದಿದ್ದಾರೆ, ಅದರಲ್ಲಿ ಮೂರನೆಯದು ಇದೇ ಸಂಗತಿ. ಜನ ಮೊದಲ ಎರಡನ್ನು ಓದಿ ಪುಟ ಮುಚ್ಚುತ್ತಾರೆ.

ಪರಿಹಾರ: ಹುಡುಕುವಾಗ ‘ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸು’ ಎಂದು ಬರೆಯಿರಿ, ಅದೂ ಲಾಕ್ ಒಳಗೇ. ಕೌಂಟ್ ಓದಿ. ಸೊನ್ನೆಯಾದರೆ ‘ಸಿಗಲಿಲ್ಲ’ ಅಂತ ವಾಪಸ್ ಬನ್ನಿ. ಇಲ್ಲವಾದರೆ ಕಂಪೇರ್-ಎಕ್ಸ್‌ಚೇಂಜ್‌ನಿಂದ (ಬೆಲೆ ಓದಿದಾಗಿನಂತೆಯೇ ಇದ್ದರೆ ಮಾತ್ರ ಬದಲಿಸುವ ಅಟಾಮಿಕ್ ಕ್ರಿಯೆ) ಒಂದು ಏರಿಸಿ. ನಡುವೆ ಬೇರೆಯವರು ಬೆಲೆ ಬದಲಿಸಿದ್ದರೆ ಮತ್ತೆ ಮೊದಲಿನಿಂದ. ಇಫ್ ಹಾಕಿ ನೋಡಿ ಆಮೇಲೆ ಏರಿಸಿದರೆ ಸಾಲದು, ಆ ಎರಡರ ನಡುವೆಯೇ ಕೌಂಟ್ ಸೊನ್ನೆಗೆ ಇಳಿಯಬಹುದು. ಹೀಗೆ ಮಾಡಿದರೆ ಒಮ್ಮೆ ಸೊನ್ನೆಯಾದ ಸೆಷನ್‌ಗೆ ಮತ್ತೆ ಜೀವ ಬರುವುದಿಲ್ಲ. ಫ್ರೀ ಆಗುವುದು ಲಾಕ್ ಹಿಡಿದು ಟೇಬಲ್‌ನಿಂದ ತೆಗೆದ ಮೇಲೆ, ಹಾಗಾಗಿ ಲಾಕ್ ಒಳಗೆ ಇರುವವರೆಗೆ ಕೌಂಟರ್ ಓದುವುದಕ್ಕೂ ಭಯವಿಲ್ಲ.

ಸಿ++_ಕಡೆಯವ:

ಇದಕ್ಕೇ ನಾನು ಹೇಳುವುದು, ಸಿ++ಗೆ ಬನ್ನಿ. ಕೌಂಟನ್ನು ತಾನೇ ನೋಡಿಕೊಳ್ಳುವ ಶೇರ್ಡ್ ಪಾಯಿಂಟರ್, ಆಬ್ಜೆಕ್ಟನ್ನು ಹಿಡಿದಿಡದೆ ಬರೀ ತೋರಿಸುವ ವೀಕ್ ಪಾಯಿಂಟರ್ 2011ರ ಸ್ಟ್ಯಾಂಡರ್ಡ್‌ನಿಂದಲೇ ಇವೆ. ಟೇಬಲ್‌ನಲ್ಲಿ ವೀಕ್ ಇಡಿ, ಮುಗಿಯಿತು.

ಹಳೇ_ಪಾಯಿಂಟರ್:

ಮಾತು ಸರಿ, ಆದರೆ ಅವರ ಕೋಡ್ ಸಿಯಲ್ಲಿದೆ. ಅಂದ ಹಾಗೆ ವೀಕ್ ಪಾಯಿಂಟರ್‌ನ ಲಾಕ್ ಫಂಕ್ಷನ್ ಒಳಗೆ ಮಾಡುವುದೂ ಇದನ್ನೇ, ಸೊನ್ನೆ ಅಲ್ಲದಿದ್ದರೆ ಏರಿಸು. ರಸ್ಟ್ ಭಾಷೆಯ ವೀಕ್‌ನಲ್ಲಿ ಅಪ್‌ಗ್ರೇಡ್ ಕೂಡ ಅದೇ. ಅಲ್ಲಿ ಕೌಂಟರ್ ಇರುವ ಜಾಗವನ್ನು ಕೊನೆಯ ವೀಕ್ ಹೋಗುವವರೆಗೆ ಉಳಿಸಿಕೊಳ್ಳುತ್ತಾರೆ. ಆ ಕೆಲಸವನ್ನು ಇಲ್ಲಿ ಟೇಬಲ್ ಲಾಕ್ ಮಾಡುತ್ತಿದೆ.

ರಾತ್ರಿ_ಕಂಪೈಲ್:

ಮೂರು ದಿನ ಆಯಿತು, ಒಂದೂ ಕ್ರ್ಯಾಶ್ ಇಲ್ಲ! ಆದರೆ ಹೊಸ ವಿಚಿತ್ರ ಶುರುವಾಗಿದೆ. ಕ್ಲೈಂಟ್ ಲೈನ್ ಕಡಿದು ತಕ್ಷಣ ಅದೇ ಐಡಿಯಲ್ಲಿ ವಾಪಸ್ ಬಂದರೆ, ಒಮ್ಮೊಮ್ಮೆ ಅದರ ಹೊಸ ಸೆಷನ್ ಟೇಬಲ್‌ನಿಂದ ಕಾಣೆಯಾಗುತ್ತದೆ. ಸ್ಯಾನಿಟೈಜರ್ ಬಾಯೇ ಬಿಡುತ್ತಿಲ್ಲ.

ಹಳೇ_ಪಾಯಿಂಟರ್:

ಇದನ್ನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು. ಹಳೇ ಸೆಷನ್‌ನ ಕೌಂಟ್ ಸೊನ್ನೆಯಾಗಿದೆ, ಟೇಬಲ್‌ನಿಂದ ಇನ್ನೂ ಹೋಗಿಲ್ಲ. ಹುಡುಕಿದವರಿಗೆ ‘ಸಿಗಲಿಲ್ಲ’ ಅನ್ನುವ ಉತ್ತರ. ಸರಿ ಅಂತ ಅದೇ ಐಡಿಗೆ ಹೊಸ ಸೆಷನ್ ಇಡುತ್ತಾರೆ. ಆಮೇಲೆ ಹಳೇ ಸೆಷನ್‌ನ ಬಿಡುವ ಫಂಕ್ಷನ್ ಬಂದು ಐಡಿ ನೋಡಿ ತೆಗೆಯುತ್ತದೆ. ಹೋಗುವುದು ಹೊಸದು!

ಐಡಿಯಿಂದ ತೆಗೆಯಬೇಡಿ. ಆ ಐಡಿಯಲ್ಲಿ ಈಗ ಇರುವ ಪಾಯಿಂಟರ್ ನಾನೇನಾ ಅಂತ ನೋಡಿ, ಹೌದಾದರೆ ಮಾತ್ರ ತೆಗೆಯಿರಿ. ಫ್ರೀ ಹೇಗಿದ್ದರೂ ಆಗಲಿ.

ಇನ್ನೊಂದು ದಾರಿಯೂ ಇದೆ. ಟೇಬಲ್‌ಗೇ ಒಂದು ರೆಫರೆನ್ಸ್ ಕೊಡುವುದು, ಹುಟ್ಟಿನ ಆ 1 ಟೇಬಲ್‌ನದು ಅಂತ ಇಟ್ಟುಕೊಳ್ಳುವುದು. ಲೈನ್ ಕಡಿದಾಗ ಲಾಕ್ ಒಳಗೆ ಟೇಬಲ್‌ನಿಂದ ತೆಗೆದು, ಆಮೇಲೆ ಆ ರೆಫರೆನ್ಸ್ ಬಿಡುವುದು. ಆಗ ಟೇಬಲ್‌ನಲ್ಲಿ ಸಿಕ್ಕಿದ್ದೆಲ್ಲ ಬದುಕಿಯೇ ಇರುತ್ತದೆ, ಈ ಸೊನ್ನೆ ಆಟವೇ ಬೇಡ. ‘ಇಲ್ಲಿಗೆ ಮುಗಿಯಿತು’ ಅನ್ನುವ ಒಂದು ಕ್ಷಣ ಖಚಿತವಾಗಿ ಇರುವಲ್ಲಿ ನಾನು ಇದನ್ನೇ ಮಾಡುವುದು. ಯಾರೂ ಬಳಸದಿದ್ದಾಗ ತಾನಾಗಿ ಹೋಗಬೇಕಾದ ಕ್ಯಾಶ್‌ಗೆ ಮಾತ್ರ ಮೊದಲಿನದು.

ಹಾಂ, ಇಳಿಸುವಾಗ ಯಾವ ಮೆಮೊರಿ ಆರ್ಡರ್ (ಬರೆದದ್ದು ಬೇರೆ ಥ್ರೆಡ್‌ಗೆ ಯಾವ ಕ್ರಮದಲ್ಲಿ ಕಾಣಬೇಕು ಅನ್ನುವ ನಿಯಮ) ಹಾಕಿದ್ದೀರಿ?

ರಾತ್ರಿ_ಕಂಪೈಲ್:

ಎಲ್ಲ ಕಡೆ ರಿಲ್ಯಾಕ್ಸ್ಡ್, ಕ್ರಮದ ಖಾತರಿ ಇಲ್ಲದ್ದು. ಬರೀ ಲೆಕ್ಕ ತಾನೇ ಅಂತ.

ಹಳೇ_ಪಾಯಿಂಟರ್:

ಏರಿಸುವಾಗ ರಿಲ್ಯಾಕ್ಸ್ಡ್ ಪರವಾಗಿಲ್ಲ. ಇಳಿಸುವಾಗ ರಿಲೀಸ್ (ಮೊದಲು ಬರೆದದ್ದನ್ನು ಬೇರೆಯವರಿಗೆ ಕಾಣಿಸುವುದು) ಬೇಕು, ಸೊನ್ನೆ ಕಂಡವರು ಫ್ರೀ ಮಾಡುವ ಮೊದಲು ಅಕ್ವೈರ್ (ಹಾಗೆ ಕಾಣಿಸಿದ್ದನ್ನು ನೋಡುವುದು) ಬೇಕು. ಇಲ್ಲದಿದ್ದರೆ ಒಂದು ಥ್ರೆಡ್ ಸೆಷನ್‌ಗೆ ಬರೆದದ್ದು, ಕೊನೆಯಲ್ಲಿ ಅದನ್ನು ಕೆಡವುವ ಥ್ರೆಡ್‌ಗೆ ಕಾಣದೆ ಹೋಗಬಹುದು. ಎಕ್ಸ್86 ಪ್ರೊಸೆಸರ್‌ನಲ್ಲಿ ಅಟಾಮಿಕ್ ಇಳಿಸುವ ಇನ್‌ಸ್ಟ್ರಕ್ಷನ್ನೇ ಪೂರ್ತಿ ಬ್ಯಾರಿಯರ್ (ಕ್ರಮ ಕೆಡದಂತೆ ತಡೆ) ಆದ್ದರಿಂದ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಆರ್ಮ್ ಪ್ರೊಸೆಸರ್‌ಗೆ ಹೋದ ದಿನ ಗೊತ್ತಾಗುತ್ತದೆ.

ರಾತ್ರಿ_ಕಂಪೈಲ್:

ಎರಡೂ ಬದಲಿಸಿದೆ. ಸೆಷನ್ ಮಾಯವಾಗುವುದು ನಿಂತಿದೆ. ಕೊನೆಯದೊಂದು: ಮೆಮೊರಿ ನಿಧಾನವಾಗಿ ಏರುತ್ತಿದೆ. ಮೊದಲೂ ಏರುತ್ತಿತ್ತೋ ಏನೋ, ಅಷ್ಟು ಹೊತ್ತು ಬದುಕಿರುತ್ತಿರಲಿಲ್ಲವಲ್ಲ!

ಮ್ಯೂಟೆಕ್ಸ್_ಮಿತ್ರ:

ಎರಡು ಕಡೆ ನೋಡಿ. ಸೆಷನ್ ಟೈಮರ್ ಹಿಡಿದು, ಟೈಮರ್ ಸೆಷನ್ ಹಿಡಿದು ಕೂತಿದೆಯಾ? ಹಾಗಿದ್ದರೆ ಇಬ್ಬರ ಕೌಂಟೂ ಸೊನ್ನೆಗೆ ಬರುವುದಿಲ್ಲ. ರೆಫರೆನ್ಸ್ ಕೌಂಟಿಂಗ್‌ಗೆ ಹುಟ್ಟಿದಂದಿನಿಂದ ಇರುವ ಕಾಯಿಲೆ ಇದು. ಎರಡನೆಯದು ಎರರ್ ದಾರಿಗಳು. ಮಧ್ಯದಲ್ಲಿ ರಿಟರ್ನ್ ಮಾಡಿದ ಕಡೆಯೆಲ್ಲ ಬಿಟ್ಟಿದ್ದೀರಾ ನೋಡಿ. ಡೀಬಗ್ ಬಿಲ್ಡ್‌ನಲ್ಲಿ ಪ್ರತಿ ಏರಿಕೆ-ಇಳಿಕೆಗೂ ಫೈಲ್ ಹೆಸರು, ಸಾಲಿನ ನಂಬರ್ ಬರೆದಿಡಿ. ಜೋಡಿ ಸಿಗದ ಸಾಲೇ ಕಳ್ಳ.

ಹಳೇ_ಪಾಯಿಂಟರ್:

ಇಂಥ ಲೀಕ್ ಅನ್ನು ‘ಬರೀ ಮೆಮೊರಿ’ ಅಂತ ಬಿಡಬೇಡಿ. ಲಿನಕ್ಸ್ ಕರ್ನಲ್‌ನ ಕೀರಿಂಗ್ (ರಹಸ್ಯ ಕೀಲಿಗಳನ್ನು ಇಡುವ ಭಾಗ) ಕೋಡ್‌ನಲ್ಲಿ ಹೀಗೇ ಒಂದು ದಾರಿಯಲ್ಲಿ ಇಳಿಸುವುದು ಬಿಟ್ಟುಹೋಗಿತ್ತು. ಕೌಂಟರ್ 32 ಬಿಟ್. ಅದನ್ನು 400 ಕೋಟಿಗೂ ಹೆಚ್ಚು ಸಲ ಏರಿಸಿದರೆ ಸುತ್ತಿಕೊಂಡು ಸೊನ್ನೆಗೆ ಬರುತ್ತದೆ. ಬಳಕೆಯಲ್ಲಿರುವಾಗಲೇ ಆಬ್ಜೆಕ್ಟ್ ಫ್ರೀ, ಅಲ್ಲಿಂದ ರೂಟ್ ಅಧಿಕಾರದವರೆಗೆ ದಾರಿ. ಸಿವಿಇ-2016-0728 (ಆ ಭದ್ರತಾ ದೋಷದ ನಂಬರ್) ಅಂತ ಹುಡುಕಿದರೆ ಸಿಗುತ್ತದೆ. 2017ರಲ್ಲಿ 4.11 ಕರ್ನಲ್‌ಗೆ ಬೇರೆಯೇ ಒಂದು ರೆಫ್‌ಕೌಂಟ್ ಟೈಪ್ ಬಂತು. ಅದು ಸುತ್ತಿಕೊಳ್ಳುವುದಿಲ್ಲ, ಮಿತಿ ಮೀರಿದರೆ ಒಂದೇ ಬೆಲೆಗೆ ಅಂಟಿಕೊಂಡು ಎಚ್ಚರಿಕೆ ಕೊಡುತ್ತದೆ. ಲೀಕ್ ಆದರೂ ಪರವಾಗಿಲ್ಲ, ಫ್ರೀ ಮಾತ್ರ ಆಗಬಾರದು ಅಂತ.

ರಾತ್ರಿ_ಕಂಪೈಲ್:

ಸಿಕ್ಕಿತು ಸರ್. ಟೈಮರ್ ಅಲ್ಲ. ಪ್ಯಾಕೆಟ್‌ನ ಉದ್ದ ತಪ್ಪಿದ್ದರೆ ನಡುವೆಯೇ ರಿಟರ್ನ್ ಮಾಡುವ ಒಂದು ಸಾಲು, ಅಲ್ಲಿ ಬಿಡುವುದನ್ನೇ ಮರೆತಿದ್ದೆ. ಫೈಲ್-ಸಾಲು ಬರೆದಿಡುವ ಉಪಾಯದಿಂದ ಹದಿನೈದು ನಿಮಿಷದ ಕೆಲಸ.

ಮ್ಯೂಟೆಕ್ಸ್_ಮಿತ್ರ:

ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಕ್ಲೀನಪ್ ಅನ್ನುವ ಆಟ್ರಿಬ್ಯೂಟ್ ಇದೆ. ವೇರಿಯಬಲ್‌ಗೆ ಹಾಕಿದರೆ ಯಾವ ರಿಟರ್ನ್‌ನಿಂದ ಹೊರಗೆ ಹೋದರೂ ಬಿಡುವ ಫಂಕ್ಷನ್ ತಾನಾಗಿ ನಡೆಯುತ್ತದೆ. ಒಮ್ಮೆ ಹಾಕಿ ನೋಡಿ. ಪಾಯಿಂಟರ್ ಅನ್ನೇ ವಾಪಸ್ ಕೊಡುವ ಫಂಕ್ಷನ್‌ನಲ್ಲಿ ಮಾತ್ರ ಮರೆಯದೆ ವೇರಿಯಬಲ್ ಅನ್ನು ನಲ್ ಮಾಡಿ, ಇಲ್ಲವಾದರೆ ಮತ್ತೆ ಇದೇ ಚರ್ಚೆಗೆ ಬರುತ್ತೀರಿ.