ಹಳೇ ರಿಕರ್ವ್ ಬೇಟೆಬಿಲ್ಲು: ರಿಪೇರಿಯವರನ್ನೇ ಕೇಳಿ (ಪ್ರಶ್ನೋತ್ತರ)

ಅಡ್ಮಿನ್: ಈ ಶನಿವಾರ, ಭಾನುವಾರ ‘ರಿಪೇರಿ ಶೆಡ್’ ಅವರು ಇಲ್ಲಿ ಉತ್ತರ ಕೊಡ್ತಾರೆ. ಅವರ ಕಸುಬೇ ಹಳೇ ಬಿಲ್ಲು ದುರಸ್ತಿ. ಅಮೆರಿಕದ 50, 60, 70ರ ದಶಕದ ಬೇಟೆ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರೋ ಬಿಲ್ಲು) ಮಾತ್ರ; ಕಂಪನಿಗಳು ಬೇರ್, ಬೆನ್ ಪಿಯರ್ಸನ್, ಡೇಮನ್ ಹೌವಟ್, ವಿಂಗ್, ಹರ್ಟರ್ಸ್ ಇತ್ಯಾದಿ. ಕಾಂಪೌಂಡ್ (ಗಾಲಿ ಇರೋ ಬಿಲ್ಲು) ಬಗ್ಗೆ ಬೇರೆ ದಿನ. ಫೋಟೊದಲ್ಲಿ ಎರಡೂ ತುದಿ ಮತ್ತು ಬರಹ ಇರೋ ಜಾಗ ಕಾಣಬೇಕು.

ಡೆಟ್ರಾಯ್ಟ್ ದೋಸೆ: ಸರ್, ಗರಾಜ್ ಸೇಲ್‌ನಲ್ಲಿ ಬೇರ್ ಗ್ರಿಜ್ಲಿ ಸಿಕ್ತು. ಲಿಂಬ್ (ಬಿಲ್ಲಿನ ಬಾಗೋ ತೋಳು) ಮೇಲೆ 1953 ಅಂತ ಬರೆದಿದೆ. 70 ವರ್ಷ ಹಳೇದು ಅಂದ್ರೆ ಎಷ್ಟು ಬೆಲೆ?

ರಿಪೇರಿ ಶೆಡ್: ಅದು ಕೆನಡಾ ಪೇಟೆಂಟ್‌ನ ವರ್ಷ, ಬಿಲ್ಲು ಹುಟ್ಟಿದ ವರ್ಷ ಅಲ್ಲ. ಆಮೇಲೆ ಎಷ್ಟೋ ವರ್ಷ ಅದನ್ನೇ ಹಾಕ್ತಾ ಹೋದರು. ಕಾಲ ತಿಳೀಬೇಕಾದ್ರೆ ಹಿಡಿಕೆಯಲ್ಲಿ ಕೂರಿಸಿರೋ ನಾಣ್ಯ ನೋಡಿ. 1959ರದ್ದು ತಾಮ್ರ. ಮುಂದಿನ ಎರಡು ಮೂರು ವರ್ಷ ಅಲ್ಯೂಮಿನಿಯಂ, ಪ್ಯೂಟರ್. 1963ರಿಂದ 1970ರವರೆಗೆ ಹಿತ್ತಾಳೆ, 71-72 ನಿಕಲ್ ಸಿಲ್ವರ್, 73ರಿಂದ ಉಬ್ಬಿದ ಪ್ಲಾಸ್ಟಿಕ್. ನಾಣ್ಯ ಮರದ ಮಟ್ಟಕ್ಕೆ ಸಮ ಇದ್ದರೆ ಹಳೇದು, ಉಬ್ಬಿದ್ದರೆ ಹೊಸದು. 1965ರಿಂದ 69ರೊಳಗಿನ ಸೀರಿಯಲ್ ನಂಬರ್ ಆದ್ರೆ ಮೊದಲ ಅಂಕಿಯೇ ವರ್ಷ. ‘ಕೆ’ ಅಕ್ಷರದಿಂದ ಶುರುವಾದ್ರೆ 1970ರ ಈಚಿನದು, ಅದರಲ್ಲಿ ವರ್ಷ ಹುಡುಕಬೇಡಿ. ಬೆಲೆ ನಾನು ಹೇಳಲ್ಲ.

ಟೆಕ್ಸಾಸ್ ಬಿಸ್ಲು: 60 ಇಂಚಿನ ಬಿಲ್ಲಿಗೆ 60 ಇಂಚಿನ ಹೆದೆ ತರಿಸಿದೆ, ಜೋಲು ಬಿದ್ದಿದೆ.

ರಿಪೇರಿ ಶೆಡ್: ‘ಎಎಂಒ 60’ ಅಂತ ಇರೋ ಹೆದೆ ತರಿಸಿ. ಎಎಂಒ ಅಂದ್ರೆ ಬಿಲ್ಲು-ಬಾಣ ತಯಾರಕರ ಸಂಘದ ಅಳತೆ, 60 ಅನ್ನೋದು ಬಿಲ್ಲಿನ ಉದ್ದ; ಹೆದೆಯ ನಿಜವಾದ ಉದ್ದ ಸುಮಾರು 56 ಇಂಚು. ರಿಕರ್ವ್‌ಗೆ ಬಿಲ್ಲಿನ ಉದ್ದದಲ್ಲಿ 4 ಇಂಚು ಕಳೀಬೇಕು. ಬಿ-50 ಡೇಕ್ರಾನ್ (ಪಾಲಿಯೆಸ್ಟರ್ ಹೆದೆ ದಾರ): ಬಿಲ್ಲು ಎಳೆಯೋ ಬಲ 45 ಪೌಂಡ್‌ವರೆಗೆ 12 ಎಳೆ, ಅದಕ್ಕಿಂತ ಮೇಲೆ 14, 55 ದಾಟಿದ್ರೆ 16.

ಎರೀ ಕೆರೆದಂಡೆ: ನಮಸ್ಕಾರ. ಬೇರ್ ಸೂಪರ್ ಕೊಡಿಯಾಕ್, 60 ಇಂಚು, 28 ಇಂಚಿಗೆ ಎಳೆದ್ರೆ 50 ಪೌಂಡ್, ಹಿತ್ತಾಳೆ ನಾಣ್ಯ, ಸೀರಿಯಲ್ 8ರಿಂದ ಶುರು. ಮೂರು ಸಮಸ್ಯೆ. ಒಂದು, ಕೆಳಗಿನ ಲಿಂಬ್ ತಿರುಚಿದೆ. ಹೆದೆ ಟಿಪ್‌ನ ಕಚ್ಚಿನಲ್ಲಿ ಕೂರದೆ ಬಲಕ್ಕೆ ಜಾರುತ್ತೆ. ಎರಡು, ಅದೇ ಲಿಂಬ್ ಹಿಡಿಕೆಯ ಮರಕ್ಕೆ ಸೇರೋ ಕಡೆ, ಒಳಮೈಯಲ್ಲಿ, ಅಂಚಿನಲ್ಲಿ ಒಂದೂವರೆ ಇಂಚು ಬಿಳಿ ಗೆರೆ. ಮೂರು, 24 ಇಂಚಿಗೆ ಎಳೆದಾಗ ‘ಟಿಕ್’ ಅನ್ನುತ್ತೆ. ಮಗ 15 ವರ್ಷದವನು, ದಿನಾ 20 ಬಾಣ ಹೊಡೀತಿದ್ದಾನೆ. ತಿರುಚು ಸರಿ ಮಾಡೋದು ಹೇಗೆ?

ರಿಪೇರಿ ಶೆಡ್: ಈಗಲೇ ಹೆದೆ ಇಳಿಸಿ. ಹುಡುಗನ ಕೈಗೆ ಕೊಡಬೇಡಿ. ತಿರುಚಿನ ಮಾತು ಆಮೇಲೆ.

ಆ ಟಿಕ್ ಶಬ್ದ ಅಂಟು ಬಿಡ್ತಿರೋದು. ಹಿಡಿಕೆಯ ಮರ ಕಾಗದದಷ್ಟು ತೆಳ್ಳಗಾಗಿ ಫೈಬರ್‌ಗ್ಲಾಸ್ ಕೆಳಗೆ ಮುಗಿಯೋ ಜಾಗ ಅದು. ಗಟ್ಟಿ ಭಾಗ, ಬಗ್ಗೋ ಭಾಗ ಎರಡೂ ಅಲ್ಲೇ ಸೇರೋದ್ರಿಂದ ಒತ್ತಡವೆಲ್ಲ ಅಲ್ಲಿಗೇ ಬರುತ್ತೆ. ಒಂದು ಅಂಚು ಬಿಟ್ಟರೆ ಆ ಪಕ್ಕ ಮೆತ್ತಗಾಗಿ ಲಿಂಬ್ ತಿರುಚಿಕೊಳ್ಳುತ್ತೆ. ಅಂದ್ರೆ ನಿಮ್ಮ ಮೊದಲನೇ ಸಮಸ್ಯೆಗೆ ಎರಡನೆಯದೇ ಕಾರಣ ಇರಬಹುದು. ತಿರುಚು ಮಾತ್ರ ಸರಿ ಮಾಡಿ ಎಳೆದರೆ ಗ್ಲಾಸ್ ಸಿಡಿದು ಮುಖಕ್ಕೆ ಬರುತ್ತೆ.

ಮೊದಲು ಪರೀಕ್ಷೆ. ಹತ್ತಿಯುಂಡೆ ತಗೊಂಡು ಲಿಂಬ್ ಉದ್ದಕ್ಕೂ ಎಳೀರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಗ್ಲಾಸ್ ಎದ್ದಿದೆ. ಬರಿಬೆರಳು ಆಡಿಸಬೇಡಿ, ಆ ಸಿಬಿರು ಚರ್ಮದೊಳಗೆ ಹೋದ್ರೆ ತೆಗೆಯೋದು ಕಷ್ಟ. ಆಮೇಲೆ ಬಿಳಿ ಗೆರೆ ಮೇಲೆ ಡಿನೇಚರ್ಡ್ ಆಲ್ಕೋಹಾಲ್ ಒಂದು ಹನಿ. ಸುತ್ತಲಿನದು ಆರಿದ ಮೇಲೂ ಗೆರೆ ಒದ್ದೆಯಾಗೇ ಉಳಿದ್ರೆ ಅದು ಬಾಯಿಬಿಟ್ಟಿದೆ. ಎಷ್ಟುದ್ದ ಒದ್ದೆ ಇದೆಯೋ ನಿಜವಾದ ಬಿರುಕು ಅಷ್ಟುದ್ದ. ಕಣ್ಣಿಗೆ ಕಾಣೋದಕ್ಕಿಂತ ಸಾಮಾನ್ಯವಾಗಿ ಜಾಸ್ತಿನೇ ಇರುತ್ತೆ.

ಎರಡು ಇಂಚಿನೊಳಗಿದ್ದು, ಒಂದೇ ಅಂಚಿನಲ್ಲಿದ್ದರೆ ಅಂಟಿಸಬಹುದು. ಗಾಳಿ ಊದಿ ಧೂಳು ತೆಗೀರಿ, ನೀರು ಬೇಡ. 24 ಗಂಟೆ ಹಿಡಿಯೋ ಎರಡು ಭಾಗದ ಎಪಾಕ್ಸಿನೇ ಬೇಕು. 5 ನಿಮಿಷದ್ದು ಬಗ್ಗೋ ಜಾಗಕ್ಕೆ ಆಗಲ್ಲ, ಪುಡಿಯಾಗುತ್ತೆ. ಕಲಸಿದ ಅಂಟಿಗೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ತೋರಿಸಿ, ತೆಳ್ಳಗಾಗುತ್ತೆ. ಹಲ್ಲಿನ ಸಂದಿ ತೆಗೆಯೋ ದಾರ (ಫ್ಲಾಸ್) ಬಿರುಕಿನೊಳಗೆ ಆಚೀಚೆ ಎಳೀತಾ ಅಂಟನ್ನ ಒಳಗೆ ತಳ್ಳಿ. ಮೇಣದ ಕಾಗದ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ. ಸಿ-ಕ್ಲ್ಯಾಂಪ್ ಒಂದೇ ಕಡೆ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಿಬಿಡುತ್ತೆ, ಟ್ಯೂಬ್ ಸಮವಾಗಿ ಒತ್ತುತ್ತೆ. ಒಂದು ದಿನ ಬಿಡಿ. ಟ್ಯೂಬ್ ಬಿಚ್ಚಿ ಒಂದು ವಾರ ಮುಟ್ಟಬೇಡಿ. ಆಮೇಲೆ ಆ ಜಾಗಕ್ಕೆ ಒಂದು ಇಂಚು ಅಗಲ ಸರ್ವಿಂಗ್ ದಾರ (ಹೆದೆಗೆ ಸುತ್ತೋ ದಾರ) ಒತ್ತೊತ್ತಾಗಿ ಸುತ್ತಿ, ತೆಳು ಸೂಪರ್ ಗ್ಲೂ ಕುಡಿಸಿ.

ಎಳೆದು ನೋಡೋದು ಕೈಯಲ್ಲಲ್ಲ. ಹಿಡಿಕೆಯನ್ನ ಕಟ್ಟಿಗೆಗೆ ಬಿಗಿದು, ಹೆದೆಗೆ ಹಗ್ಗ, ಹಗ್ಗಕ್ಕೆ ಕಪ್ಪಿ, ನೀವು ಎಂಟು ಹತ್ತು ಅಡಿ ದೂರ. 15 ಇಂಚಿಗೆ 20 ಸಲ, 20ಕ್ಕೆ 20 ಸಲ, ಆಮೇಲೆ 24, ಕೊನೆಗೆ 28. ಎಳೆದ ಹಗ್ಗ ನಿಧಾನ ಬಿಡಿ; ಬಾಣ ಇಲ್ಲದೆ ಹೆದೆ ಚಿಮ್ಮಿಸಿದರೆ ಅಷ್ಟೂ ಕೆಲಸ ವ್ಯರ್ಥ. ಟಿಕ್ ಮತ್ತೆ ಕೇಳಿದ್ರೆ ಅಲ್ಲಿಗೆ ಮುಗೀತು, ಗೋಡೆಗೆ ಹಾಕಿ. ಆಲ್ಕೋಹಾಲ್ ಹಾಕಿ ನೋಡಿ, ಎಷ್ಟು ಇಂಚು ಅಂತ ಇಲ್ಲಿ ಬರೀರಿ.

ನೂರೊಂದು ಬಾಣ: ಎರೀ ಅವರೇ, ತಿರುಚಿಗೆ ಸುಲಭ ಉಪಾಯ ಇದೆ, ಇನ್ನೊಂದು ಗ್ರೂಪಲ್ಲಿ ಬಂದಿತ್ತು. *ಬಿಲ್ಲಿಗೆ ಹರಳೆಣ್ಣೆ ಹಚ್ಚಿ ಮೂರು ದಿನ ಬಿಸಿಲಿಗೆ ಇಡಿ. ಆಮೇಲೆ 200 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ 10 ನಿಮಿಷ. ತಿರುಚು ಮಾಯ. ಎಲ್ಲರಿಗೂ ಕಳಿಸಿ.*

ರಿಪೇರಿ ಶೆಡ್: ಮಾಡಬೇಡಿ. ಫೈಬರ್‌ಗ್ಲಾಸ್ ಎಣ್ಣೆ ಕುಡಿಯಲ್ಲ, ಬಿರುಕು ಕುಡಿಯುತ್ತೆ. ಒಮ್ಮೆ ಎಣ್ಣೆ ಒಳಗೆ ಹೋದ್ರೆ ಯಾವ ಅಂಟೂ ಹಿಡಿಯಲ್ಲ. 200 ಫ್ಯಾರನ್‌ಹೀಟ್ ಅಂದ್ರೆ 93 ಸೆಲ್ಸಿಯಸ್, ಪದರಗಳೆಲ್ಲ ಹಪ್ಪಳದ ಹಾಗೆ ಏಳ್ತವೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಕಾರೇ ಎಷ್ಟೋ ಬಿಲ್ಲುಗಳನ್ನ ಕೊಂದಿದೆ.

ನೂರೊಂದು ಬಾಣ: ಹಿಂದಿನವರು ಬಿಲ್ಲಿಗೆ ಎಣ್ಣೆ ಹಚ್ತಿರಲಿಲ್ವಾ?

ರಿಪೇರಿ ಶೆಡ್: ಬರೀ ಮರದ ಬಿಲ್ಲಿಗೆ. ಇದು ಮರ, ಗ್ಲಾಸ್, ಅಂಟಿನ ಸ್ಯಾಂಡ್‌ವಿಚ್.

ಯಾಕಿಮಾ: ಡೇಮನ್ ಹೌವಟ್ ಹಂಟರ್. ಲಿಂಬ್ ಉದ್ದಕ್ಕೂ ಕೂದಲಿನಂಥ ಸಣ್ಣ ಗೆರೆಗಳು. ಎರೀ ಅವರದ್ದು ಓದಿ ಭಯ ಆಯ್ತು.

ರಿಪೇರಿ ಶೆಡ್: ಎಳೆಗಳ ಉದ್ದಕ್ಕೇ, ಒಂದಕ್ಕೊಂದು ಸಮಾನಾಂತರ, ಹತ್ತಿ ಸಿಕ್ಕಿಕೊಳ್ಳಲ್ಲ ಅಂದ್ರೆ ಅವು ಒತ್ತಡದ ಗೆರೆಗಳು. ಹೌವಟ್‌ಗಳಲ್ಲಿ ಮಾಮೂಲು. ಹೊಡೀರಿ. ಅಡ್ಡಡ್ಡ ಇದ್ದರೆ, ಅಂಚಿನಲ್ಲಿ ಬಾಯಿಬಿಟ್ಟಿದ್ದರೆ ಹೊಡೀಬೇಡಿ.

ಹಳೇಮರ: ಶೆಡ್ ಸರ್, ದಾರ ಸುತ್ತಿ ಅಂಟು ಕುಡಿಸಿದ್ರೆ 1968ರ ಸೂಪರ್ ಕೊಡಿಯಾಕ್‌ನ ಕಥೆ ಮುಗೀತಲ್ಲ! ಮೂಲ ಫಿನಿಶ್ ಹಾಳಾಯ್ತು. ಸಂಗ್ರಾಹಕರು ಅದನ್ನ ಮುಟ್ಟಲ್ಲ.

ಗುರಿಕಾರ: ಒಡೆದ ಬಿಲ್ಲನ್ನ ಈಗ ಯಾವ ಸಂಗ್ರಾಹಕ ಮುಟ್ತಾನೆ? ಬಿಲ್ಲು ಇರೋದೇ ಹೊಡಿಯೋಕೆ.

ಹಳೇಮರ: ನಿಮ್ಮಂಥವರೇ 59ರ ಕೊಡಿಯಾಕ್‌ಗೆ ಮರಳುಕಾಗದ ಹಚ್ಚಿ, ಪಾಲಿಯುರೆಥೇನ್ ಬಳಿದು, ತಾಮ್ರದ ನಾಣ್ಯಕ್ಕೂ ಪಾಲಿಶ್ ಹಾಕೋದು. ಲಿಂಬ್ ಮೇಲಿನ ಬರಹ ಒಮ್ಮೆ ಹೋದ್ರೆ ಮತ್ತೆ ಬರುತ್ತಾ? ಪೌಂಡ್ ಎಷ್ಟು ಅಂತಾನೂ ಗೊತ್ತಾಗಲ್ಲ.

ಗುರಿಕಾರ: ತೂಕದ ಕೊಕ್ಕೆಗೆ ಹಾಕಿ 28 ಇಂಚಿಗೆ ಎಳೆದ್ರೆ ಗೊತ್ತಾಗುತ್ತೆ. 50 ವರ್ಷ ಆದ ಬಿಲ್ಲು ಬರೆದಿರೋ ತೂಕ ತೋರಿಸಬೇಕು ಅಂತೇನೂ ಇಲ್ಲ.

ಹಳೇಮರ: ಕೊಕ್ಕೆಗೆ ಹಾಕೋಕೂ ಅಳತೆ ಗೊತ್ತಿರಬೇಕು. ಎಎಂಒ 28 ಅಂದ್ರೆ ಹಿಡಿಕೆಯ ಕುಣಿಯಿಂದ 26 ಕಾಲು ಇಂಚು, ಅದಕ್ಕೆ ಒಂದು ಮುಕ್ಕಾಲು ಸೇರಿಸಿ. ನೀವು ಎಲ್ಲಿಂದ ಅಳೀತೀರಿ?

ಗುರಿಕಾರ: ನಿಮ್ಮ ಗಾಜಿನ ಕಪಾಟಿನಿಂದಂತೂ ಅಲ್ಲ.

ಅಡ್ಮಿನ್: ಇಬ್ಬರೂ ಸಮಾಧಾನ.

ರಿಪೇರಿ ಶೆಡ್: ಫಿನಿಶ್ ಚೆನ್ನಾಗಿದ್ದರೆ ಮುಟ್ಟಬೇಡಿ, ಮೆತ್ತನೆ ಬಟ್ಟೆ, ಪೇಸ್ಟ್ ವ್ಯಾಕ್ಸ್ ಸಾಕು. ಹಳೇಮರ ಬರಹದ ಬಗ್ಗೆ ಹೇಳಿದ್ದು ಸರಿ. ಆದ್ರೆ ಅಂಟು ಬಿಟ್ಟ ಬಿಲ್ಲಿಗೆ ಸಂಗ್ರಹದ ಬೆಲೆ ಈಗಾಗಲೇ ಹೋಗಿದೆ. ಹಾಗೇ ಇನ್ನೊಂದು, 1949-50ರ ಸುಮಾರಿನ ಅಲ್ಯೂಮಿನಿಯಂ ಪದರದ ಬೇರ್ ಸಿಕ್ಕಿದ್ರೆ ಎಷ್ಟೇ ಚೆಂದ ಇರಲಿ, ಹೆದೆ ಏರಿಸಬೇಡಿ. ಆ ಲಿಂಬ್‌ಗಳು ಮುರಿಯೋಕೇ ಹೆಸರಾದವು.

ವಸೀಕಾ: ಹರ್ಟರ್ಸ್ ಬಿಲ್ಲಿನ ವರ್ಷ ಕಂಡುಹಿಡಿಯೋದು ಹೇಗೆ?

ಶರವೇಗ: ನನ್ನ 1972ರ ಗ್ರಿಜ್ಲಿಗೆ ಡೈನೀಮಾ ಅನ್ನೋ ಹೊಸ ದಾರದ ಹೆದೆ ಹಾಕಬಹುದಾ? ಬಾಣ ವೇಗವಾಗಿ ಹೋಗುತ್ತಂತೆ.

ರಿಪೇರಿ ಶೆಡ್: ಇಲ್ಲ.

ಶರವೇಗ: ಯಾಕೆ ಅಂತ ಹೇಳಬಹುದಿತ್ತು.

ರಿಪೇರಿ ಶೆಡ್: ಡೇಕ್ರಾನ್ ಸ್ವಲ್ಪ ಹಿಗ್ಗಿ ಏಟನ್ನ ತಾನೇ ತಗೊಳ್ಳುತ್ತೆ. ಡೈನೀಮಾ ಹಿಗ್ಗಲ್ಲ, ಅಷ್ಟೂ ಏಟು ಟಿಪ್‌ಗೆ. ಎಳೆ ಸಣ್ಣ ಇರೋದ್ರಿಂದ ತಂತಿಯಿಂದ ಬೆಣ್ಣೆ ಕೊಯ್ದ ಹಾಗೆ ತುದಿಯ ಕಚ್ಚು ಸೀಳುತ್ತೆ. ಆ ಕಾಲದ ಟಿಪ್‌ಗಳನ್ನ ಇದಕ್ಕೆ ಕಟ್ಟಿದ್ದಲ್ಲ. ವೇಗ ಬೇಕಾದ್ರೆ ಹೊಸ ಬಿಲ್ಲು ತಗೊಳ್ಳಿ.

ಗುರಿಕಾರ: ಕುಣಿಕೆಗೆ ಮಾತ್ರ ಹೆಚ್ಚು ಎಳೆ ಸೇರಿಸಿ 18 ಮಾಡಿ, ನಡುವೆ 10 ಇಟ್ಟರೆ ಕೊಯ್ಯಲ್ಲ.

ರಿಪೇರಿ ಶೆಡ್: ಕೊಯ್ಯೋದು ಕಡಿಮೆಯಾಗುತ್ತೆ, ಒಪ್ತೀನಿ. ಏಟು ಕಡಿಮೆಯಾಗಲ್ಲ. ಅಂಟಿಗೆ 50 ವರ್ಷ ಆಗಿದೆ.

ಗುರಿಕಾರ: ಎಷ್ಟೋ ಜನ ಹೊಡೀತಿದ್ದಾರಲ್ಲ.

ರಿಪೇರಿ ಶೆಡ್: ಅವರಲ್ಲಿ ಒಂದಷ್ಟು ಬಿಲ್ಲು ನನ್ನ ಮೇಜಿನ ಮೇಲಿವೆ.

ಅಕ್ಷರಪ್ರಿಯ: ಕನ್ನಡ ಗುಂಪಲ್ಲಿ ಟಿಪ್, ಲಿಂಬ್ ಅಂತ ಯಾಕೆ? ಹೆದೆ ಸಿಕ್ಕಿಸೋ ತುದಿಗೆ ‘ಕೊಪ್ಪು’ ಅಂತ ಒಳ್ಳೇ ಪದ ಇದೆ.

ಡೆಟ್ರಾಯ್ಟ್ ದೋಸೆ: ಇಬೇನಲ್ಲಿ ಕೊಪ್ಪು ಅಂತ ಹುಡುಕಿ ನೋಡಿ, ಚಿಕ್ಕಮಗಳೂರಿನ ಕೊಪ್ಪ ಬರುತ್ತೆ.

ಅಕ್ಷರಪ್ರಿಯ: ತಮಾಷೆ ಮಾಡೋಕೆ ಬೇರೆ ಜಾಗ ಇಲ್ವಾ?

ಚಾಮುಂಡಿ ಪಾದ: ಮೈಸೂರಿನಿಂದ. ಅಣ್ಣ ಅಮೆರಿಕದಿಂದ 45 ಪೌಂಡ್ ರಿಕರ್ವ್ ತರ್ತಾನಂತೆ. ತೋಟಕ್ಕೆ ಕಾಡುಹಂದಿ ಕಾಟ. ಯಾವ ಬಾಣ ಒಳ್ಳೇದು?

ರಿಪೇರಿ ಶೆಡ್: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿ. ಗುರಿಹಲಗೆಗೆ ಹೊಡೀರಿ, ಹಂದಿಗಲ್ಲ.

ಚಾಮುಂಡಿ ಪಾದ: ಸರಿ, ಗುರಿಹಲಗೆಗೇ. ಬಾಣ?

ರಿಪೇರಿ ಶೆಡ್: ಪೌಂಡಿಗೆ 9ರಿಂದ 10 ಗ್ರೇನ್ (ಬಾಣ ತೂಗೋ ಸಣ್ಣ ಮಾನ) ತೂಕ. 45 ಪೌಂಡಿಗೆ ಬಾಣ ತುದಿ ಸೇರಿ 405ರಿಂದ 450 ಗ್ರೇನ್. ಹಗುರ ಬಾಣ ಅಂದ್ರೆ ಅರ್ಧ ಖಾಲಿ ಹೆದೆ ಚಿಮ್ಮಿಸಿದ ಹಾಗೆ. ಬಿಲ್ಲಿನ ಜೊತೆ ಹಳೇ ಸೀಡರ್ ಬಾಣ ಬಂದ್ರೆ ಹೊಡಿಯೋ ಮುಂಚೆ ಒಂದೊಂದನ್ನೂ ಬಗ್ಗಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚಟಪಟ ಅಂದ್ರೆ ಮುರಿದು ಒಲೆಗೆ. ಬಿರುಕು ಬಿಟ್ಟ ಬಾಣ ಬಿಲ್ಲಲ್ಲೇ ಮುರಿದು, ಬಿಲ್ಲು ಹಿಡಿದ ಕೈಗೇ ನೆಡುತ್ತೆ.

ವಸೀಕಾ: ಹರ್ಟರ್ಸ್ ಬಗ್ಗೆ ಯಾರಾದ್ರೂ?

ಪೈನ್ ಬ್ಲಫ್: ಶೆಡ್ ಸರ್, ಬಿರುಕು ಏನೂ ಇಲ್ಲ, ಬರೀ ತಿರುಚು. ಬೆನ್ ಪಿಯರ್ಸನ್, 45 ಪೌಂಡ್. ಆಗ ಏನು ಮಾಡೋದು?

ರಿಪೇರಿ ಶೆಡ್: ಹೆದೆ ಏರಿಸಿ, ತುದಿಯಿಂದ ನೋಡಿ ಯಾವ ಕಡೆ ತಿರುಗಿದೆ ಅಂತ ಗುರುತು ಮಾಡ್ಕೊಳ್ಳಿ. ಹೇರ್ ಡ್ರೈಯರ್ ಸಾಕು, ಪೇಂಟ್ ಸುಡೋ ಹೀಟ್ ಗನ್ ಬೇಡವೇ ಬೇಡ. ಕಾಫಿ ಲೋಟದಷ್ಟು ಬಿಸಿ, 60 ಡಿಗ್ರಿ ಸೆಲ್ಸಿಯಸ್ ದಾಟಬಾರದು. ತಿರುಚಿನ ವಿರುದ್ಧ ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಿರುಗಿಸಿ, ತಣ್ಣಗಾಗೋವರೆಗೆ ಕೈ ಬಿಡಬೇಡಿ. ಮೂರ್ನಾಲ್ಕು ಸಲ. ರಾತ್ರಿ ಹೆದೆ ಏರಿಸಿಯೇ ಬಿಡಿ, ಬೆಳಿಗ್ಗೆ ನೋಡಿ. ಸರಿಯಾದ ಮೇಲೆ ಸ್ಟ್ರಿಂಗರ್ (ಹೆದೆ ಏರಿಸೋ) ಹಗ್ಗ ತಗೊಳ್ಳಿ. ಕಾಲ ಮಧ್ಯೆ ಸಿಕ್ಕಿಸಿ ಹೆದೆ ಏರಿಸೋ ಅಭ್ಯಾಸದಿಂದಲೇ ಹೆಚ್ಚಿನ ಬಿಲ್ಲು ತಿರುಚೋದು. ಗೋಡೆಗೆ ಒಂದೇ ತುದಿ ಒರಗಿಸಿ ನಿಲ್ಲಿಸೋದೂ ಬೇಡ, ಎರಡು ಮೊಳೆ ಮೇಲೆ ಅಡ್ಡ ಇಡಿ.

ಟೆಕ್ಸಾಸ್ ಬಿಸ್ಲು: ಎಎಂಒ 60 ಹೆದೆ ಬಂತು, ಕೂತಿದೆ. ಬ್ರೇಸ್ ಹೈಟ್ (ಹಿಡಿಕೆಯಿಂದ ಹೆದೆಗೆ ಇರೋ ದೂರ) 7 ಇಂಚು, ಸದ್ದು ಜಾಸ್ತಿ.

ರಿಪೇರಿ ಶೆಡ್: ಹೆದೆ ಐದೈದು ಸುತ್ತು ತಿರುವುತ್ತಾ ಆ ದೂರ ಏರಿಸಿ. 7ಮುಕ್ಕಾಲರಿಂದ 8ರ ನಡುವೆ ಎಲ್ಲೋ ಒಂದು ಕಡೆ ಸದ್ದು ಇಳಿಯುತ್ತೆ.

ಅಮ್ಮನ ಕೈರುಚಿ: ಆಯುಧಪೂಜೆಗೆ ಬಿಲ್ಲಿಗೆ ಅರಿಸಿನ ಕುಂಕುಮ ಹಚ್ಚಬಹುದಾ? ಕಲೆ ಉಳಿಯುತ್ತಾ? ಹರಳೆಣ್ಣೆ ಹಚ್ಚಿ ಬಿಸಿಲಿಗೆ ಇಟ್ಟರೆ ಹೊಳಪು ಬರುತ್ತೆ ಅಂತ ಮೆಸೇಜ್ ಬಂದಿದೆ.

ರಿಪೇರಿ ಶೆಡ್: ಮತ್ತೆ ಅದೇ ಹರಳೆಣ್ಣೆ. ಆ ಮೆಸೇಜ್ ಬರೆದವರು ಬಿಲ್ಲು ಮುಟ್ಟಿಲ್ಲ, ಕಳಿಸ್ತಿರೋರು ಓದಿಲ್ಲ. ಅರಿಸಿನ ಚರ್ಮದ ಹಿಡಿಕೆಗೆ ತಾಗಿದ್ರೆ ಹೋಗಲ್ಲ. ಹೂ ಇಡಿ, ಸಾಕು.

ನೂರೊಂದು ಬಾಣ: ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು. ನಾವು ಸಹಾಯ ಮಾಡೋಕೇ ಕಳಿಸಿದ್ದು.

ಗುರಿಕಾರ: ಆ ಸಹಾಯದಲ್ಲೇ ಬಿಲ್ಲು ಸಾಯೋದು.

ಅಡ್ಮಿನ್: ಹರಳೆಣ್ಣೆ ಮೆಸೇಜ್ ಇನ್ನು ಯಾರು ಹಾಕಿದ್ರೂ ತೆಗೀತೀನಿ.

ಎರೀ ಕೆರೆದಂಡೆ: ಆಲ್ಕೋಹಾಲ್ ಹಾಕಿದೆ. ಒದ್ದೆ ಗೆರೆ ಮೂರೂಕಾಲು ಇಂಚು. ಇನ್ನೊಂದು ಅಂಚಿನಲ್ಲೂ ಅರ್ಧ ಇಂಚು ಕಾಣ್ತು, ಅಲ್ಲಿ ಬಿಳಿ ಗೆರೆ ಇರಲೇ ಇಲ್ಲ. ಅಂಟಿಸಲಾ?

ರಿಪೇರಿ ಶೆಡ್: ಬೇಡ. ಎರಡೂ ಅಂಚಿಗೆ ಬಂದಿದೆ ಅಂದ್ರೆ ನಡುವೆಯೂ ಬಿಟ್ಟಿರುತ್ತೆ, ದಾರದಿಂದ ಅಂಟು ಅಲ್ಲಿಗೆ ಮುಟ್ಟಲ್ಲ. ಹೆದೆ ತೆಗೆದು ಬೇರೆ ಕಡೆ ಇಡಿ, ಇಲ್ಲಾಂದ್ರೆ ಮನೆಗೆ ಬಂದ ಯಾರಾದ್ರೂ ಏರಿಸಿ ಎಳೀತಾರೆ. ಹುಡುಗನಿಗೆ 62 ಇಂಚಿನ, 30ರಿಂದ 35 ಪೌಂಡಿನ ಬಿಲ್ಲು ನೋಡಿ. ಅವನ ಎಳೆತ ಎಷ್ಟು ಇಂಚು?

ಎರೀ ಕೆರೆದಂಡೆ: 30.

ರಿಪೇರಿ ಶೆಡ್: 28 ದಾಟಿದ ಮೇಲೆ ಇಂಚಿಗೆ ಎರಡೂವರೆ ಮೂರು ಪೌಂಡ್ ಏರುತ್ತೆ. ಅಂದ್ರೆ ಅವನು ಇಷ್ಟು ದಿನ 55ರ ಮೇಲೆ ಎಳೀತಿದ್ದ, ಅದೂ ಬಿಟ್ಟ ಲಿಂಬ್‌ನಲ್ಲಿ. ಹೊಸದು ತಗೊಳ್ಳೋವಾಗ 30 ಪೌಂಡ್ ಅಂತ ಬರೆದಿರೋದೇ ಸಾಕು.

ವಸೀಕಾ: ಹರ್ಟರ್ಸ್?

ಓಹಾಯೋ ಹೊಸಬ: ನಮಸ್ತೆ, ಈಗಷ್ಟೇ ಸೇರಿದೆ. ನನ್ನ ಬೇರ್ ಬಿಲ್ಲಿನ ಮೇಲೆ 1953 ಅಂತ ಇದೆ…